ತಲೆಕೆಳಗಾದ ಒಂಬತ್ತು

"ಕತ್ತರಿ ಕೆಳಗಿಡಿ ಅಕ್ಕ. ಒಂದು ಮಾತು ಕೇಳ್ಬೇಕು."

ಅಂಟಕ್ಕ ತಲೆ ಎತ್ತಲಿಲ್ಲ. ತುಟಿಗಳ ನಡುವೆ ಕಾಗದದ ಪಟ್ಟಿಯೊಂದನ್ನು ಕಚ್ಚಿಕೊಂಡು, ಮುಂದಿನ ಸಂಚಿಕೆಯ ರಟ್ಟಿಗೆ ಗೋಂದು ಸವರುತ್ತಿದ್ದರು. ಕೆಳಗಿನ ಅಂಗಡಿಯಲ್ಲಿ ಬೀಗದ ಕೈ ಉಜ್ಜುವ ಯಂತ್ರ ಕಿರ್ರೆಂದು ಅರಚಿ ಸುಮ್ಮನಾಯಿತು.

"ರಜೆ ಬೇಕು ಅನ್ನೋ ಮಾತಾದ್ರೆ ಕತ್ತರಿ ಕೈಯಲ್ಲೇ ಇರ್ಲಿ" ಎಂದರು, ಪಟ್ಟಿಯನ್ನು ಬಾಯಿಂದ ತೆಗೆದು. "ನಿನ್ನೆ ತಾನೇ ಹಾಕಿದ್ದೀಯ."

"ಗೊರವಂಕನ ಮಾತು."

ಕತ್ತರಿ ಸದ್ದಾಗದಂತೆ ಮೇಜಿನ ಮೇಲೆ ಬಂತು.

ಗೊರವಂಕ ನನ್ನ ಅಣ್ಣ. ಎಂಟು ವರ್ಷದ ಹಿಂದೆ, ಪೊಲೀಸರು ಮುಂಬಾಗಿಲು ಬಡಿಯುವಾಗ ಹಿಂಬಾಗಿಲಿನಿಂದ ಹೋದವನು ಮತ್ತೆ ಬರಲಿಲ್ಲ. ಅವನ ಜಾಡು ಹಿಡಿಯಲೆಂದೇ ನಾನು ಈ ಪತ್ರಿಕೆಯ ಹಳೇ ಸಂಚಿಕೆಗಳನ್ನು ಸ್ಕ್ಯಾನ್ ಮಾಡುವ ಕೆಲಸಕ್ಕೆ ಸೇರಿದ್ದೆ. ಯಾರ ತಂಗಿ ಎಂದು ಮಾತ್ರ ಇಲ್ಲಿ ಯಾರಿಗೂ ಹೇಳಿರಲಿಲ್ಲ.

'ಕಿಂಡಿ' ಹ್ಯಾಕರ್‌ಗಳ ಪತ್ರಿಕೆ. ನಾನು ಹುಟ್ಟುವ ಮುಂಚಿನಿಂದಲೂ ಬರುತ್ತಿದೆ. ಟೆಲಿಫೋನ್ ತಂತಿಯ ಆ ಕಡೆ ಏನು ನಡೆಯುತ್ತದೆ, ಯಾವ ದೊಡ್ಡ ಕಂಪನಿ ಯಾವ ಬಾಗಿಲು ಹಾಕಲು ಮರೆತಿದೆ, ಮುಚ್ಚಿದ ಯಂತ್ರದೊಳಗೆ ಹೋಗುವುದು ಹೇಗೆ, ಹೋದ ಮೇಲೆ ಏನನ್ನೂ ಮುಟ್ಟದೆ ಹೊರಬರುವುದು ಹೇಗೆ, ಇಂಥದ್ದೇ ಅದರ ತುಂಬ. ಬರೆಯುವವರಿಗೆ ಅಡ್ಡಹೆಸರು ಮಾತ್ರ. ಬರಹ ಬಂದ ಲಕೋಟೆಯನ್ನು ಬಿಚ್ಚಿದ ಕೂಡಲೇ ಸುಟ್ಟುಬಿಡುತ್ತಾರೆ. ಯಾರು, ಎಲ್ಲಿಂದ ಬರೆದರು ಎಂದು ಯಾರಾದರೂ ಗದರಿಸಿ ಕೇಳಿದರೆ, ಗೊತ್ತಿಲ್ಲ ಅನ್ನುವ ಮಾತು ಸುಳ್ಳಾಗಬಾರದು.

ಪುಟಗಳನ್ನು ಇವತ್ತಿಗೂ ಕತ್ತರಿಸಿ, ರಟ್ಟಿಗೆ ಅಂಟಿಸಿಯೇ ಜೋಡಿಸುತ್ತಾರೆ. "ಕಂಪ್ಯೂಟರ್ ಒಳಗೆ ಯಾರು ಬೇಕಾದ್ರೂ ನುಗ್ಗಬಹುದು ಅಂತ ನಾವೇ ಬರೀತೀವಿ. ಆಮೇಲೆ ನಾವೇ ಅದನ್ನ ನಂಬೋದಾ?" ಎಂದು ಮೊದಲ ದಿನವೇ ಅಂಟಕ್ಕ ಹೇಳಿದ್ದರು. ಆ ಗೋಂದಿನ ಕೆಲಸದಿಂದಲೇ ಅವರಿಗೆ ಆ ಹೆಸರು.

"ಏನಂತೆ ಗೊರವಂಕಂದು?"

ಕಂಕುಳಲ್ಲಿದ್ದ ಸಂಚಿಕೆಗಳನ್ನು ಅವರ ಮುಂದೆ ಹರಡಿದೆ. ನನಗೆ ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲ. ಬೆಳಿಗ್ಗೆಯಿಂದ ಸ್ಕ್ಯಾನರಿನ ಮುಂದೆ ಕೂತು ಈ ಮಾತುಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ.

"ಹುಳ" ಎಂದೆ.

'ಕಿಂಡಿ'ಯಲ್ಲಿ ಅಚ್ಚಾಗುವ ಪ್ರತಿ ಪ್ರೋಗ್ರಾಮಿನಲ್ಲೂ ಬೇಕೆಂದೇ ಒಂದು ತಪ್ಪು ಇರುತ್ತದೆ. ಅದಕ್ಕೆ ಹುಳ ಅನ್ನುತ್ತಾರೆ. ನೋಡಿದ್ದನ್ನು ಹಾಗೇ ಕುಟ್ಟಿದವನಿಗೆ ಪ್ರೋಗ್ರಾಂ ಓಡಬಾರದು. ಓದಿ, ಅರ್ಥ ಮಾಡಿಕೊಂಡು, ಹುಳ ಹಿಡಿದವನಿಗೆ ಮಾತ್ರ ಓಡಬೇಕು. ಹಿಡಿದವರ ಅಡ್ಡಹೆಸರು ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ಅದೇ ಬಹುಮಾನ.

ಅಣ್ಣ ಮನೆಯಲ್ಲಿದ್ದ ಕಾಲದಲ್ಲಿ ಗೊರವಂಕನ ಹುಳವನ್ನು ಮಾತ್ರ ಯಾರೂ ಹಿಡಿದಿರಲಿಲ್ಲ. ಹಳೇ ಸಂಚಿಕೆಗಳ ಓದುಗರ ಪುಟದಲ್ಲಿ ಅದೇ ಗೋಳು. 'ಅರ್ಧ ಟೀ' ಎಂಬ ಅಡ್ಡಹೆಸರಿನವನೊಬ್ಬ ಬಿಡದೆ ಬರೆದಿದ್ದಾನೆ: 'ಗೊರವಂಕ ಮಹಾಶಯರೇ, ನಿಮ್ಮ ಪ್ರೋಗ್ರಾಂ ಸರಿಯಾಗಿ ಓಡುತ್ತಿದೆ. ಅದೇ ನನ್ನ ಸಂಕಟ. ಹುಳ ಎಲ್ಲಿ? ಹೆಂಡತಿ ತವರಿಗೆ ಹೋಗುತ್ತೇನೆ ಅನ್ನುತ್ತಿದ್ದಾಳೆ.' ಮುಂದಿನ ಸಂಚಿಕೆಯಲ್ಲಿ: 'ಹೆಂಡತಿ ಹೋದಳು. ಹುಳ ಸಿಗಲಿಲ್ಲ.' ಹಿಂದಿನ ಕೋಣೆಯ ಕಬ್ಬಿಣದ ಕಪಾಟುಗಳ ನಡುವೆ ಒಬ್ಬಳೇ ಕೂತು ಅದನ್ನು ಓದಿ ನಕ್ಕಿದ್ದೆ. ನಗು ಮುಗಿಯುವ ಮುಂಚೆಯೇ ಅಳು ಬಂದಿತ್ತು.

ಯಾಕೆಂದರೆ ಹುಳ ಇರಲೇ ಇಲ್ಲ.

ನಾನು ಶಾಲೆ ಬಿಟ್ಟು ಮನೆಯಲ್ಲಿದ್ದ ಕಾಲದಲ್ಲಿ, 'ಕಿಂಡಿ'ಯಲ್ಲಿ ಬಂದ ಯಾರದೋ ಪ್ರೋಗ್ರಾಮನ್ನು ಅಣ್ಣನ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದೆ. ಓಡಲಿಲ್ಲ. ಮತ್ತೆ ಮಾಡಿದೆ. ಓಡಲಿಲ್ಲ. ನನ್ನ ತಲೆಯಲ್ಲಿರುವುದು ಮಣ್ಣೇ ಎಂದುಕೊಂಡು ಬಟ್ಟೆ ಒಣಗುವ ಹಗ್ಗದ ಹಿಂದೆ ನಿಂತು ಅಳುತ್ತಿದ್ದೆ. ಅಣ್ಣ ನೋಡಿದ. ಮರುದಿನವೇ ಸಂಪಾದಕರ ಹತ್ತಿರ ಜಗಳಕ್ಕೆ ಹೋದ. ಅವರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. "ನನ್ನದಕ್ಕೆ ಹುಳ ಬೇಡ ಮೇಷ್ಟ್ರೇ. ನಮ್ಮ ಮನೇಲೊಬ್ಬಳು ಟೈಪ್ ಮಾಡ್ತಾಳೆ. ಅವಳಿಗೆ ಅದು ಓಡ್ಬೇಕು." ಮೇಷ್ಟ್ರು ಒಪ್ಪಿದರು, ಯಾರಿಗೂ ಹೇಳಕೂಡದು ಎಂಬ ಒಂದೇ ಷರತ್ತಿನ ಮೇಲೆ.

ಹಾಗಾಗಿ ಗುಟ್ಟು ಗೊತ್ತಿದ್ದದ್ದು ಮೂವರಿಗೆ. ಮೇಷ್ಟ್ರಿಗೆ, ಅಣ್ಣನಿಗೆ, ನನಗೆ.

"ಇದು ಹಳೇದು" ಎಂದೆ, ಮೊದಲ ಸಂಚಿಕೆಯನ್ನು ತೋರಿಸಿ. "ಟೈಪ್ ಮಾಡಿದೆ, ಓಡ್ತು. ಇದು ಗೊರವಂಕ ಕಾಣೆಯಾದ ಮೇಲಿಂದು. ಓಡಲ್ಲ. ಇದೂ ಓಡಲ್ಲ. ಇದೂ ಅಷ್ಟೇ."

"ಹುಳ ಇರತ್ತಲ್ಲಮ್ಮ. ಪದ್ಧತಿ."

"ಗೊರವಂಕಂದ್ರಲ್ಲಿ ಯಾವತ್ತೂ ಇರ್ಲಿಲ್ಲ."

ಅಂಟಕ್ಕ ನಕ್ಕರು. "ಆಗ ಯಾರಿಗೂ ಸಿಕ್ಕಿಲ್ಲ ಅಷ್ಟೇ ಕಣೇ. ಅವನು ಅಂಥಾ ಕಿಲಾಡಿ."

"ಇರ್ಲಿಲ್ಲ ಅಕ್ಕ. ಬೇಡ ಅಂತ ಅವನೇ ಹೇಳಿದ್ದ. ಮೇಷ್ಟ್ರು ಒಪ್ಪಿದ್ರು."

ನಗು ಅವರ ಮುಖದ ಮೇಲೆ ಹಾಗೇ ಉಳಿಯಿತು, ಕಣ್ಣು ಮಾತ್ರ ಬದಲಾದವು. ಕಿಟಕಿಯ ಪಕ್ಕದಲ್ಲಿದ್ದ ಖಾಲಿ ಕುರ್ಚಿಯ ಕಡೆ ಒಮ್ಮೆ ನೋಡಿದರು. ಅದು ಮೇಷ್ಟ್ರ ಕುರ್ಚಿ. ಯಾವುದೋ ಕಂಪನಿಯ ಕಂಪ್ಯೂಟರಿಗೆ ನುಗ್ಗಿದನೆಂಬ ಅಣ್ಣನ ಕೇಸಿನಲ್ಲೇ ಅವರನ್ನೂ ವಿಚಾರಣೆಗೆ ಕರೆದುಕೊಂಡು ಹೋಗಿದ್ದರಂತೆ. ವಾಪಸ್ ಬರುವಾಗ ಅರ್ಧ ಮೈ ಸ್ವಾಧೀನದಲ್ಲಿರಲಿಲ್ಲ, ಮಾತೂ ಹೋಗಿತ್ತು. ಕಳೆದ ವರ್ಷ ತೀರಿಕೊಂಡರು.

"ಅಂದ್ಮೇಲೆ ಇವನ್ನ ಬರೆದೋರು ಗೊರವಂಕ ಅಲ್ಲ" ಎಂದೆ. "ಮೇಷ್ಟ್ರೂ ಅಲ್ಲ, ಅವರಿಗೆ ಗುಟ್ಟು ಗೊತ್ತಿತ್ತು. ಗೊತ್ತಿಲ್ಲದೋರು ಯಾರೋ ಅವನ ಹೆಸರಲ್ಲಿ ಬರೆದು, ಪದ್ಧತಿ ಅಂತ ಹುಳಾನೂ ಬಿಟ್ಟಿದ್ದಾರೆ."

"ಓದುಗರು ಸಾವಿರ ಜನ ಇದ್ದಾರೆ. ಅದ್ರಲ್ಲಿ ಯಾವನೋ."

"ಇಲ್ನೋಡಿ."

ಸ್ಕ್ಯಾನ್ ಮಾಡಿ ಹತ್ತು ಪಟ್ಟು ದೊಡ್ಡದು ಮಾಡಿದ್ದ ಹಾಳೆಯನ್ನು ಸಂಚಿಕೆಗಳ ಮೇಲೆ ಇಟ್ಟೆ. ಹಾಳೆಯ ನಡುವೆ ಒಂದು 6. ಅಕ್ಕಪಕ್ಕದ ಅಂಕಿಗಳೆಲ್ಲ ಒಂದೇ ಗೆರೆಯ ಮೇಲೆ ಕೂತಿದ್ದವು. ಈ 6 ಮಾತ್ರ ಕೂದಲೆಳೆಯಷ್ಟು ಮೇಲಿತ್ತು.

"ಇಲ್ಲಿ 9 ಇರ್ಬೇಕಿತ್ತು. ತಲೆಕೆಳಗಾಗಿದೆ. ಈ ಪುಟದಲ್ಲಿ ಬಲಕ್ಕಿರಬೇಕಾದ ಬಾಣ ಎಡಕ್ಕೆ ತಿರುಗಿದೆ. ಇದ್ರಲ್ಲಿ ಮತ್ತೆ 6, 9. ಎಲ್ಲಾ ಹುಳಾನೂ ಒಂದೇ ಜಾತಿ ಅಕ್ಕ. ಇದ್ದದ್ದನ್ನೇ ಕತ್ತರಿಸಿ, ತಿರುಗಿಸಿ, ಅದೇ ಜಾಗಕ್ಕೆ ಅಂಟಿಸಿದ್ದಾರೆ. ಕತ್ತರಿ ಹಿಡಿದೋರಿಗೆ ಮಾತ್ರ ಹೊಳೆಯೋ ಹುಳ ಇದು."

ಕೆಳಗಿನ ಯಂತ್ರ ಮತ್ತೆ ಶುರುವಾಯಿತು. ಅಂಟಕ್ಕ ಬೆರಳಿಗೆ ಅಂಟಿದ ಗೋಂದನ್ನು ಉಜ್ಜಿ ಉಜ್ಜಿ ಉಂಡೆ ಮಾಡುತ್ತಿದ್ದರು.

"ಬೆಕ್ಕಿನ ಹಾಗೆ ಸುಮ್ನೆ ಮೂಲೇಲಿ ಕೂತಿರ್ತಿದ್ದೆ" ಎಂದರು ಕೊನೆಗೆ. "ಇಷ್ಟೆಲ್ಲ ನೋಡ್ತಿದ್ಯಾ?"

"ಯಾಕೆ ಬರೆದ್ರಿ ಅಕ್ಕ? ಅವನ ಹೆಸರಲ್ಲಿ ಯಾಕೆ?" ಬಾಯಿಪಾಠ ಮಾಡಿದ ಮಾತುಗಳು ಅಲ್ಲಿಗೆ ಮುಗಿದಿದ್ದವು. ಮುಂದಿನದೆಲ್ಲ ತಾನಾಗಿ ಬಂತು. "ಅವನು ಎಲ್ಲಿ ತೀರ್ಕೊಂಡ, ಹೇಗೆ, ಅಷ್ಟು ಹೇಳಿ ಸಾಕು. ನಾನು ನಿಮ್ಮನ್ನ ಬೈಯಲ್ಲ. ಅಮ್ಮ ಕೇಳ್ತಾಳೆ. ಅವಳಿಗೆ ನಾನು ಹೇಳಿಬಿಟ್ಟಿದ್ದೀನಿ."

"ಯಾವ ಅಮ್ಮ?"

"ನಮ್ಮಮ್ಮ. ಗೊರವಂಕ ನಮ್ಮಣ್ಣ."

ಅಂಟಕ್ಕನ ಕೈ ನಿಂತಿತು.

"ಏನು ಹೇಳಿದ್ದೀಯ ಅಮ್ಮನಿಗೆ?"

ಹೇಳಿದೆ. ಅಮ್ಮ ಸಂಚಿಕೆ ಬಂದಾಗಲೆಲ್ಲ ಕೊಂಡು ತಂದು, ಗೊರವಂಕ ಎಂಬ ಹೆಸರಿನ ಮೇಲೆ ಬೆರಳಿಟ್ಟು, "ಇದ್ದಾನೆ" ಅನ್ನುತ್ತಿದ್ದಳು. ನಮ್ಮ ಕಂಪ್ಯೂಟರನ್ನು ಪೊಲೀಸರು ಹೊತ್ತುಕೊಂಡು ಹೋಗಿದ್ದರಿಂದ ನನಗೆ ಟೈಪ್ ಮಾಡಿ ನೋಡಲಾಗಿರಲಿಲ್ಲ. ಅವಳು ನಂಬಿದಳು, ನಾನೂ ನಂಬಿದೆ.

ಮನೆಯಲ್ಲಿ ಹಳೇ ಫೋನ್ ಒಂದಿತ್ತು. ಅಣ್ಣನಿಗೆ ಬಾಯಿಪಾಠ ಇದ್ದದ್ದು ಆ ನಂಬರ್ ಒಂದೇ. ಅದಕ್ಕಾಗಿ ಅಮ್ಮ ಅದನ್ನು ತೆಗೆಸಲು ಬಿಟ್ಟಿರಲಿಲ್ಲ. ಆಗೀಗ ಅದು ಬಡಿದುಕೊಳ್ಳುತ್ತಿತ್ತು. ಎತ್ತಿದರೆ ಆ ಕಡೆ ಮಾತೇ ಇಲ್ಲ. ಅಮ್ಮ ಮಾತ್ರ "ಊಟ ಆಯ್ತಾ ಮಗಾ?" ಎಂದು ಶುರು ಮಾಡಿ, ಸೋರುವ ನಲ್ಲಿ, ಪಕ್ಕದ ಮನೆಯವಳ ಜಂಬ, ನನಗೆ ಇನ್ನೂ ಗಂಡು ಸಿಗದಿರುವುದು, ಎಲ್ಲವನ್ನೂ ಒಪ್ಪಿಸುತ್ತಿದ್ದಳು. ಕೊನೆಗೆ ಒಂದೇ ಮಾತು: "ನೀನು ನಿಧಾನವಾಗಿ ಬಾ. ಜೀವ ಇರೋವರೆಗೂ ನಾನು ಈ ಮನೆ ಬಿಟ್ಟು ಕದಲಲ್ಲ."

"ರಾಂಗ್ ನಂಬರ್ ಅಮ್ಮ" ಅನ್ನುತ್ತಿದ್ದೆ ನಾನು.

"ರಾಂಗ್ ನಂಬರಿನೋರು ಇಷ್ಟು ಹೊತ್ತು ಕೇಳಿಸ್ಕೊಳ್ತಾರೇನೆ?"

ಅವಳಿಗೆ ಎದೆನೋವು. ಒಬ್ಬಳನ್ನೇ ಬಿಡಬೇಡಿ ಎಂದು ಡಾಕ್ಟರು ಹೇಳಿದ್ದರು. ಕರೆದರೆ ಬರುತ್ತಿರಲಿಲ್ಲ. ಕಳೆದ ತಿಂಗಳು ಈ ಹುಳಗಳು ಸಿಕ್ಕಾಗ ಅವಳ ಮುಂದೆ ಕೂತು, ಒಂದೊಂದೇ ಸಂಚಿಕೆ ಬಿಡಿಸಿ ತೋರಿಸಿ ಹೇಳಿದೆ: ಇದು ಅಣ್ಣ ಅಲ್ಲ. ಅಣ್ಣ ಇಲ್ಲ.

ಅವಳು ಅಳಲಿಲ್ಲ. ಕನ್ನಡಕ ತೆಗೆದು ಮಡಿಸಿ ಇಟ್ಟಳು. "ಹಾಗಾದ್ರೆ ಆ ಫೋನ್ ತೆಗೆಸಿಬಿಡು" ಅಂದಳು.

ಫೋನ್ ತೆಗೆಸಿದೆ. ಅಮ್ಮನನ್ನು ಚಿಕ್ಕಮ್ಮನ ಮನೆಗೆ ಬಿಟ್ಟೆ. ನಿನ್ನೆ ರಜೆ ಹಾಕಿ, ಉಳಿದ ಸಾಮಾನು ಸಾಗಿಸಿ, ಮನೆಗೆ ಬೀಗ ಹಾಕಿ ಬಂದೆ.

ಅಂಟಕ್ಕ ಎದ್ದರು. ಗೋಡೆಯ ಪಕ್ಕದ ಅಗಲವಾದ ಡ್ರಾಯರ್ ಎಳೆದು, ಒಂದು ರಟ್ಟು ತಂದು ದೀಪದ ಕೆಳಗೆ ಇಟ್ಟರು. ನನ್ನ ಹಾಳೆಯಲ್ಲಿದ್ದ ಅದೇ ಪುಟ, ಅಚ್ಚಿಗೆ ಹೋಗುವ ಮುಂಚೆ ಅಂಟಿಸಿದ್ದು. ಬ್ಲೇಡಿನ ತುದಿಯಿಂದ ಆ 6 ಅನ್ನು ಎಬ್ಬಿಸಿದರು. ಅಕ್ಕಿಕಾಳಿನಷ್ಟು ಕಾಗದ. ಬೆರಳ ತುದಿಯ ಮೇಲೆ ಅದನ್ನು ತಿರುಗಿಸಿ ಹಿಡಿದರು.

9.

"ಏ ಹುಡುಗಿ" ಎಂದರು. "ನಾನೇ ಬರೆದಿದ್ರೆ ಕತ್ತರಿ ಯಾಕೆ ಬೇಕಿತ್ತೇ? ಟೈಪ್ ಮಾಡೋವಾಗ್ಲೇ ತಪ್ಪು ಕುಟ್ತಿದ್ದೆ."

ನನಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಆಗಬಾರದಿತ್ತು ಎನ್ನಿಸಿತು.

ಅವರು ಡ್ರಾಯರಿನ ಅಡಿಯಿಂದ ಇನ್ನೊಂದು ಹಾಳೆ ಎಳೆದರು. "ಲಕೋಟೆ ಸುಡ್ತೀವಿ. ಹಾಳೆ ಸುಡಲ್ಲ." ಟೈಪ್ ಮಾಡಿದ ಪ್ರೋಗ್ರಾಂ. ಅಲ್ಲಲ್ಲಿ ಪೆನ್ಸಿಲಿನ ತಿದ್ದುಪಡಿ. ತಿದ್ದಿದ ಸೊನ್ನೆಗಳ ಮೇಲೆ, O ಅಕ್ಷರ ಎಂದು ಓದದಿರಲೆಂದು, ಓರೆಗೆರೆ ಎಳೆದಿತ್ತು, ಎಲ್ಲರೂ ಎಳೆಯುವ ದಿಕ್ಕಿಗೆ ಎದುರಾಗಿ. ಅಣ್ಣ ಎಡಗೈಯವನು. ಆ ಗೆರೆಗಳನ್ನು ನೋಡುತ್ತ ನಾನು ಎಷ್ಟೋ ಮಧ್ಯಾಹ್ನ ಕೀಲಿಮಣೆ ಕುಟ್ಟಿದ್ದೇನೆ.

ಹಾಳೆಯಲ್ಲಿ 9 ಇತ್ತು. ಹುಳ ಇರಲಿಲ್ಲ.

"ಮೇಷ್ಟ್ರು ಹಾಗಾದ್ಮೇಲೆ ಪುಟ ಎಲ್ಲಾ ನನ್ನ ಕೈಗೆ ಬಂತು" ಎಂದರು ಅಂಟಕ್ಕ. "ಮೊದಲನೇ ಸಲ ಅವನ ಬರಹ ಬಂದಾಗ ಹುಡುಕಿ ಹುಡುಕಿ ಸಾಕಾಯ್ತು, ಹುಳಾನೇ ಇಲ್ಲ. ಪಾಪ, ತಲೆ ತಪ್ಪಿಸ್ಕೊಂಡು ಓಡಾಡೋನು, ಮರೆತಿದ್ದಾನೆ ಅಂದ್ಕೊಂಡೆ. ಓದುಗರ ಮುಂದೆ ಅವನ ಮರ್ಯಾದೆ ಹೋಗ್ಬಾರ್ದು ಅಂತ ನಾನೇ ಒಂದು ಬಿಟ್ಟೆ. ಪ್ರತಿ ಸಲಾನೂ ಬಿಟ್ಟೆ." ಸೆರಗಿನಿಂದ ಮೂಗು ಒರೆಸಿಕೊಂಡರು. "ಮೇಷ್ಟ್ರು ಒಂದ್ಸಲ ಆ ಪುಟ ನೋಡಿ ಎಡಗೈ ಆಡಿಸಿದ್ರು. ಏನೋ ಹೇಳೋಕೆ ಒದ್ದಾಡಿದ್ರು. ಬಾಯಾರಿಕೆ ಆಗಿದೆ ಅಂದ್ಕೊಂಡು ನೀರು ಕುಡಿಸಿದೆ."

"ಅಣ್ಣ ಇದ್ದಾನಾ?"

ಬರೆಯುವವರ ಬಗ್ಗೆ ಬಾಯಿ ಬಿಡಬಾರದೆಂಬುದು ಪದ್ಧತಿ; ಅವರು ಹಾಳೆಯನ್ನು ಮಗುಚಿ ಇಟ್ಟರು.

"ಅಕ್ಕ, ಇದ್ದಾನಾ?"

"ನಿನ್ನೆ ಸಾಯಂಕಾಲ ಆ ಕುರ್ಚಿ ಮೇಲೆ ಕೂತಿದ್ದ."

ಮೇಷ್ಟ್ರ ಕುರ್ಚಿ. ಅದರ ಮೇಲೆ ಬಿಸಿಲು ಬಿದ್ದಿತ್ತು.

"ಎಂಟು ವರ್ಷದಲ್ಲಿ ಅದೇ ಮೊದಲು ಇಲ್ಲಿಗೆ ಬಂದಿದ್ದು. 'ಅಕ್ಕಾ, ಮನೆ ಫೋನ್ ಸತ್ತಿದೆ' ಅಂದ. 'ದಿನಾ ಮಾಡ್ತಿದ್ದೀನಿ, ರಿಂಗೇ ಆಗಲ್ಲ' ಅಂದ. ಮಾತಾಡಿದ್ರೆ ಪೊಲೀಸರು ಕೇಳಿಸ್ಕೊಳ್ತಾರೆ ಅಂತ ಇವನು ಯಾವತ್ತೂ ತುಟಿ ಬಿಚ್ಚಿಲ್ಲ. ಅಮ್ಮನ ದನಿ ಕೇಳಿ ಇಟ್ಬಿಡ್ತಿದ್ದನಂತೆ. ಧೈರ್ಯ ಮಾಡಿ ಬೀದಿ ತನಕ ಹೋಗಿದ್ದಾನೆ. ಮನೆಗೆ ಬೀಗ. ಕಿಟಕೀಲಿ ಪರದೆ ಇಲ್ಲ, ಒಳಗೆ ಖಾಲಿ."

ಆ ಬೀಗದ ಕೈ ನನ್ನ ಚೀಲದಲ್ಲಿತ್ತು.

"ಅಮ್ಮ ಬೇರೆ ಕಡೆ ಹೋಗಿರಬಹುದು ಕಣೋ ಅಂದೆ. 'ಜೀವ ಇರೋವರೆಗೂ ಕದಲಲ್ಲ ಅಂದಿದ್ದಾಳೆ ಅಕ್ಕಾ. ಅಮ್ಮ ಹೋಗಿಬಿಟ್ಟಳು' ಅಂದ. ಅಕ್ಕಪಕ್ಕ ಕೇಳೋ ಹಾಗೂ ಇಲ್ವಲ್ಲ ಅವನು." ಅಂಟಕ್ಕ ನನ್ನ ಕಡೆ ನೋಡಲಾರದೆ, ಬೆರಳ ತುದಿಯ 9 ಅನ್ನೇ ನೋಡುತ್ತಿದ್ದರು. "ಹೋಗೋವಾಗ ಹುಳದ ಮಾತೂ ಎತ್ತಿದ. ಇಷ್ಟು ವರ್ಷ ಏನೂ ಅಂದಿರ್ಲಿಲ್ಲ. 'ಇನ್ಮೇಲೆ ನನ್ನದಕ್ಕೆ ಹುಳ ಬಿಡಬೇಡಿ ಅಕ್ಕಾ. ತಂಗಿ ಎಲ್ಲಿದ್ದಾಳೋ, ಟೈಪ್ ಮಾಡಿ ಅಳ್ತಿರ್ತಾಳೆ' ಅಂದ. ಯಾವ ತಂಗಿ ಅಂತ ನಾನು ಕೇಳ್ಲಿಲ್ಲ. ಕೇಳೋ ಪದ್ಧತಿ ಇಲ್ವಲ್ಲೇ."

"ಈಗ ಎಲ್ಲಿದ್ದಾನೆ?"

"ಇನ್ನು ಯಾರಿಗೋಸ್ಕರ ತಪ್ಪಿಸ್ಕೊಂಡು ತಿರುಗಲಿ ಅಂದ. ಇವತ್ತು ಸಾಯಂಕಾಲ ಕೋರ್ಟು ಮುಚ್ಚೋದ್ರೊಳಗೆ ಹೋಗಿ ಶರಣಾಗ್ತಾನಂತೆ." ಅಂಟಕ್ಕನ ಬಾಯಿ ಸೊಟ್ಟಗಾಯಿತು. "ಮೇಷ್ಟ್ರು ಅಲ್ಲಿಂದ ಹೇಗೆ ವಾಪಸ್ ಬಂದ್ರು ಅಂತ ನಾನು ನೋಡಿದ್ದೀನಿ. ತಡೆದೆ. ಕಾಲು ಹಿಡ್ಕೊಳ್ಳೋದೊಂದು ಬಾಕಿ."

"ಫೋನ್ ನಂಬರ್?"

"ಅವನು ಫೋನ್ ಇಟ್ಕೊಳ್ಳಲ್ಲ."

ಗೋಡೆಯ ಗಡಿಯಾರ ನೋಡಿದೆ. ಇಲ್ಲಿಂದ ಕೋರ್ಟು ಊರಿನ ಆಚೆ ತುದಿ. ಓಡಿದರೂ, ಹಾರಿದರೂ ನಾನು ಮುಟ್ಟುವ ಹೊತ್ತಿಗೆ ಬಾಗಿಲು ಹಾಕಿರುತ್ತಾರೆ.

ಚಿಕ್ಕಮ್ಮನ ಮನೆ ಕೋರ್ಟಿನ ಹಿಂದಿನ ಓಣಿ. ಅಮ್ಮ ನಿಧಾನವಾಗಿ ನಡೆದರೂ ಅವನಿಗಿಂತ ಮುಂಚೆ ಗೇಟಿನ ಮುಂದೆ ನಿಂತಿರಬಹುದು.

"ಅಮ್ಮ ಕೋರ್ಟಿನ ಹತ್ತಿರಾನೇ ಇದ್ದಾಳೆ" ಎಂದೆ. ಅಂಟಕ್ಕ ರಟ್ಟುಗಳನ್ನು ಪಕ್ಕಕ್ಕೆ ಸರಿಸಿ, ಮೇಜಿನ ಫೋನನ್ನು ನನ್ನ ಕಡೆ ತಳ್ಳಿದರು. ಅಮ್ಮನಿಗೆ ಕೊಡಿಸಿದ್ದ ಹೊಸ ಮೊಬೈಲಿನ ನಂಬರ್ ಒತ್ತಿದೆ. ಇಲ್ಲಿಂದ ಅವಳಿಗೆ ನಾನು ಯಾವತ್ತೂ ಫೋನ್ ಮಾಡಿರಲಿಲ್ಲ.

ರಿಂಗಾಯಿತು.

ಏನು ಹೇಳಲಿ? ಎದೆನೋವಿನವಳ ಮುಂದೆ ಕೂತು ಮಗ ಇಲ್ಲ ಎಂದು ರುಜುವಾತು ಮಾಡಿದವಳು ನಾನು. ಈಗ ಎದ್ದು ಓಡು, ಅವನು ಬರುತ್ತಿದ್ದಾನೆ, ನೀನು ಸತ್ತೆ ಎಂದುಕೊಂಡು ಬರುತ್ತಿದ್ದಾನೆ ಎಂದು ಯಾವ ಬಾಯಲ್ಲಿ ಹೇಳಲಿ? ಯಾವ ಮಾತು ಮೊದಲು, ಯಾವುದು ಆಮೇಲೆ?

"ಹಲೋ?" ಅಮ್ಮನ ದನಿ.

ನಾನು ಬಾಯಿ ತೆರೆದೆ. ಗಂಟಲಿನಿಂದ ಏನೂ ಬರಲಿಲ್ಲ.

"ಹಲೋ, ಯಾರು?"

ಅಂಟಕ್ಕ ನನ್ನ ಭುಜ ಅಲುಗಿಸಿದರು. "ಮಾತಾಡೇ. ಹೊತ್ತಾಗ್ತಿದೆ, ಮಾತಾಡು."

ಆ ಕಡೆಯೂ ಮಾತು ನಿಂತಿತು. ಅಮ್ಮ ಉಸಿರಾಡುವುದು ಕೇಳುತ್ತಿತ್ತು. ಚಿಕ್ಕಮ್ಮ ಹಿಂದಿನಿಂದ ಯಾರದು ಎಂದು ಕೇಳಿದಳು. ಅಮ್ಮ ಅವಳಿಗೆ ಉತ್ತರ ಕೊಡಲಿಲ್ಲ. ಬಾಗಿಲು ಎಳೆದುಕೊಂಡ ಸದ್ದಾಯಿತು.

ಆಮೇಲೆ ಅವಳು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ, ಹಳೇ ದನಿಯಲ್ಲಿ ಕೇಳಿದಳು:

"ಊಟ ಆಯ್ತಾ ಮಗಾ?"